ಮ್ಯಾಂಗೋ ಲಸ್ಸಿ ಕೊಟ್ಟ ತಪ್ಪಿಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಬೀದಿಗೆರಡು ತುರ್ಕಿಯವರ ಡೋನರ್ ಅಂಗಡಿ, ಬ್ರೆಡ್ಡಿನೊಳಗೆ ಸುಟ್ಟ ಮಾಂಸ ತುಂಬಿ ಕೊಡುವಂಥದ್ದು. ಫ್ರಿಜ್ಜಿನಲ್ಲಿ ಕೋಲಾ ಪಕ್ಕದಲ್ಲೇ ಐರಾನ್ ಡಬ್ಬಿ ಕೂತಿರುತ್ತದೆ. ಐರಾನ್ ಅಂದರೆ ಬೇರೇನಲ್ಲ, ಮಜ್ಜಿಗೆ. ಮೊಸರು, ನೀರು, ಉಪ್ಪು, ಅಷ್ಟೇ. ಒಗ್ಗರಣೆ ಇಲ್ಲ, ಶುಂಠಿ ಇಲ್ಲ. ಆದರೂ ಮಾಂಸ ತಿನ್ನದ ನಾನು ಆ ಅಂಗಡಿಗೆ ನುಗ್ಗೋಕೆ ಅದೊಂದು ನೆಪ.

ಹೋದ ಚಳಿಗಾಲ ನಾನೂ ನನ್ನ ಹೆಂಡತಿಯೂ ಇಸ್ತಾನ್‌ಬುಲ್‌ಗೆ ಒಂದು ವಾರ ಹೋಗಿದ್ದೆವು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ ಎಲ್ಲ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡನೇ ದಿನದಿಂದ ಅವು ಹೊರಗೇ ಬರಲಿಲ್ಲ.

ಎಮಿನೊನುವಿನಿಂದ ಕಡಿಕೊಯ್‌ಗೆ ಹೋಗುವ ಫೆರಿಯಲ್ಲಿ ಚಹಾ ಕುಡಿದೇ ತೀರಬೇಕು. ನಡು ಸಣ್ಣಗಿರುವ ಗಾಜಿನ ಲೋಟ, ತಟ್ಟೆಯಲ್ಲಿ ಎರಡು ಸಕ್ಕರೆ ತುಂಡು, ಹಾಲಿನ ಸುದ್ದಿಯೇ ಇಲ್ಲ. ಅವರದು ಒಂದರ ಮೇಲೊಂದು ಕೂರುವ ಎರಡು ಕೆಟಲ್. ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಕುದಿಯುವ ನೀರು, ಯಾರಿಗೆ ಎಷ್ಟು ಸ್ಟ್ರಾಂಗ್ ಬೇಕೋ ಅಷ್ಟು ಬೆರೆಸಿ ಕೊಡುತ್ತಾರೆ. ನಮ್ಮ ಫಿಲ್ಟರ್ ಕಾಫಿ ಲೆಕ್ಕವೇ, ಹಾಲಿನ ಜಾಗದಲ್ಲಿ ನೀರು. ಟರ್ಕಿಶ್ ಕಾಫಿಗೆ ಲೋಕವೆಲ್ಲ ಹೆಸರಿದ್ದರೂ ಅಲ್ಲಿನವರು ದಿನವಿಡೀ ಕುಡಿಯೋದು ಚಹಾ. ತುರ್ಕರ ಆಳ್ವಿಕೆಯಲ್ಲಿದ್ದ, ಕಾಫಿ ಬೆಳೆಯುವ ಯೆಮನ್ ಕೈಬಿಟ್ಟು ಹೋಯಿತು, ಬೀಜ ದುಬಾರಿಯಾಯಿತು, ಕೊನೆಗೆ ಸರ್ಕಾರವೇ ಮುಂದೆ ನಿಂತು ಕಪ್ಪು ಸಮುದ್ರದ ದಂಡೆಯ ರಿಜೆಯಲ್ಲಿ ಚಹಾ ಬೆಳೆಸಿತು. ಅದೇ ಯೆಮನ್ನಿಂದ ಬಾಬಾ ಬುಡನ್ ತಂದರು ಅನ್ನುವ ಏಳು ಬೀಜದಿಂದ ನಾವು ಕಾಫಿಯವರಾದೆವು. ಹೆಂಗಿದೆ ನೋಡಿ!

ಚಹಾ ಜೊತೆ ಸಿಮಿತ್. ಮೈತುಂಬ ಎಳ್ಳು ಮೆತ್ತಿಕೊಂಡ, ಕೋಡುಬಳೆಯ ದೊಡ್ಡಪ್ಪನಂತಿರೋ ಬ್ರೆಡ್ಡು. ಅರ್ಧ ನಮಗೆ, ಅರ್ಧ ಫೆರಿಯ ಹಿಂದೆ ಹಾರಿ ಬರುವ ಕಡಲಹಕ್ಕಿಗಳಿಗೆ. ಬೀದಿ ಗಾಡಿಯಲ್ಲಿ ಸುಟ್ಟು ಕೊಡುವ ಚೆಸ್ಟ್‌ನಟ್ ಥೇಟ್ ಸುಟ್ಟ ಹಲಸಿನ ಬೀಜ, ಸ್ವಲ್ಪ ಸಿಹಿ ಜಾಸ್ತಿ.

ನನ್ನ ಹೆಂಡತಿ ಪುತ್ತೂರಿನವಳು. ಒಂದು ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೆ ಕಡುಗೆಂಪು ನೀರು ಬಂದದ್ದು ನೋಡಿ, ಪುನರ್ಪುಳಿ ಶರಬತ್ತು ಅಂತಲೇ ನಂಬಿ, ಇಬ್ಬರಿಗೂ ಒಂದೊಂದು ದೊಡ್ಡ ಲೋಟ ಹೇಳಿಬಿಟ್ಟಳು. ಅದು ಶಾಲ್ಗಮ್, ಕಪ್ಪು ಕ್ಯಾರೆಟ್ಟನ್ನು ಉಪ್ಪುನೀರಲ್ಲಿ ಹುಳಿ ಬರಿಸಿ ಮಾಡೋದು. ಒಂದು ಗುಟುಕು ಕುಡಿದವಳೇ "ಎಂತ ಮಾರಾಯ್ರೇ ಇದು, ಉಪ್ಪಿನಕಾಯಿ ಭರಣಿ ತೊಳೆದ ನೀರಿನ ಹಾಗೆ ಉಂಟು" ಅಂದಳು. ಎರಡೂ ಲೋಟ ನಾನೇ ಮುಗಿಸಿದೆ. ಎರಡನೆಯದು ಹಿಡಿಸಿತು, ನಿಜವಾಗಿ.

ಇಷ್ಟೆಲ್ಲ ಬರೆದದ್ದು ಬೊಜಾ ವಿಷಯಕ್ಕೆ ಬರೋಕೆ. ನಮ್ಮ ಕೆಳಮನೆಯಲ್ಲಿ ಒಬ್ಬರು ತುರ್ಕಿ ಅಜ್ಜಿ ಇದ್ದಾರೆ, ಅದನ್ನು ಕುಡಿಯದೆ ಬರಬೇಡಿ ಅಂದಿದ್ದರು. ಸುಲೇಮಾನಿಯೆ ಮಸೀದಿ ಹತ್ತಿರ ವೆಫಾ ಅನ್ನುವ ಬಡಾವಣೆಯಲ್ಲಿ 1876ರಿಂದ ಇರುವ ಬೊಜಾ ಅಂಗಡಿ ಇದೆ. 1937ರಲ್ಲಿ ತುರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಕುಡಿದ ಲೋಟವನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸಿರಿಧಾನ್ಯದ ತರಿಯನ್ನು ಬೇಯಿಸಿ, ಸೋಸಿ, ಸಕ್ಕರೆ ಹಾಕಿ, ಹುಳಿ ಬರಿಸಿದ್ದೇ ಬೊಜಾ. ಮೇಲೆ ದಾಲ್ಚಿನ್ನಿ ಪುಡಿ. ಎದುರಿನ ಅಂಗಡಿಯಿಂದ ಲೆಬ್ಲೆಬಿ ಕೊಂಡು ತಂದು ಅದರ ಮೇಲೆ ಸುರಿದುಕೊಳ್ಳಬೇಕು. ಲೆಬ್ಲೆಬಿ ಯಾವುದೋ ಅಪರೂಪದ ಕಾಳು ಅಂದುಕೊಂಡಿದ್ದೆ. ಪೊಟ್ಟಣ ಬಿಚ್ಚಿದರೆ ಬೆಚ್ಚಗಿನ ಹುರಿಗಡಲೆ!

ಚಮಚದಲ್ಲಿ ತಿನ್ನುವಷ್ಟು ಗಟ್ಟಿ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಒಂದು ಹಿಟ್ಟಿನ ವಾಸನೆ. ತುಮಕೂರಿನ ಹತ್ತಿರ ನಮ್ಮೂರಲ್ಲಿ ಅಜ್ಜಿ ರಾತ್ರಿ ಮಡಕೆಯಲ್ಲಿಟ್ಟ ರಾಗಿ ಅಂಬಲಿಯ ಮುಚ್ಚಳ ಬೆಳಿಗ್ಗೆ ತೆಗೆದಾಗ ಬರುತ್ತಿದ್ದ ವಾಸನೆಯೇ. ಅಜ್ಜಿ ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಹೊಲಕ್ಕೆ ಕಳಿಸೋರು. ಆದರೆ ನೆಂಟರು ಬಂದರೆ ಅದೇ ಮಡಕೆ ಹಿತ್ತಿಲ ಕಡೆ ಹೋಗುತ್ತಿತ್ತು, ಅಂಗಡಿಯಿಂದ ಬಾಟಲಿ ಜ್ಯೂಸು ಬರುತ್ತಿತ್ತು.

ವೆಫಾದ ಆ ಅಂಗಡಿಯಲ್ಲಿ ಕೋಟು ಹಾಕಿದ ಗಂಡಸರು, ಕಾಲೇಜು ಹುಡುಗಿಯರು, ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರೂ ನಿಂತುಕೊಂಡೇ ಅಂಬಲಿಯಂಥದ್ದನ್ನು ಬಳಿದು ತಿನ್ನುತ್ತಿದ್ದರು, ಯಾರಿಗೂ ಅದು ಬಡವರ ಊಟ ಅನ್ನೋ ಮುಜುಗರ ಇದ್ದಂತೆ ಕಾಣಲಿಲ್ಲ. ಆರೋಗ್ಯಕ್ಕೆ ಒಳ್ಳೇದು ಅಂತ ಗೋಡೆಯ ಮೇಲೆ ಭಾಷಣವೂ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ಎರಡೇ ಸ್ಥಿತಿ. ಒಂದೋ ಬಚ್ಚಿಡುತ್ತೇವೆ, ಇಲ್ಲವೋ ಮದುವೆ ಹೆಣ್ಣಿನಂತೆ ಸಿಂಗರಿಸುತ್ತೇವೆ. 2023ರಲ್ಲಿ, ಅದೇ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ, ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಉದ್ದ ಕಾಲಿನ ಗ್ಲಾಸಿನಲ್ಲಿ ಎರಡು ಗುಟುಕು ಅಂಬಲಿ ಕೊಟ್ಟರು, ಮೇಲೊಂದು ಪುದೀನ ಎಲೆ. ಹೊರಗೆ ಬಂದು ಅಲ್ಲೇ ಹತ್ತಿರದ ದರ್ಶಿನಿಯಲ್ಲಿ ಕೇಳಿದರೆ "ಅಂಬಲೀನಾ ಸಾರ್?" ಅಂತ ನಕ್ಕ ಹುಡುಗ.

ಅವನನ್ನು ಅಂದು ಏನು ಪ್ರಯೋಜನ? ಜರ್ಮನ್ ಸಹೋದ್ಯೋಗಿಗಳು ಮನೆಗೆ ಬಂದಾಗಲೆಲ್ಲ ನಾನು ಕೊಟ್ಟದ್ದು ಮ್ಯಾಂಗೋ ಲಸ್ಸಿ. ಇಲ್ಲಿನ ಇಂಡಿಯನ್ ರೆಸ್ಟೊರೆಂಟುಗಳಲ್ಲಿ ಅದೇ ಸಿಗೋದು, ಅವರಿಗೆ ಗೊತ್ತಿರೋದೂ ಅದೇ, ಸುಮ್ನೆ ರಗಳೆ ಯಾಕೆ ಅಂತ. ನಮ್ಮೂರಲ್ಲಿ ಯಾರ ಮನೆಯಲ್ಲಿ ಮ್ಯಾಂಗೋ ಲಸ್ಸಿ ಮಾಡಿದ್ದರು, ಹೇಳಿ!

ವಾಪಸು ಬಂದ ವಾರವೇ ಶ್ರೀಲಂಕಾ ತಮಿಳರ ಅಂಗಡಿಯಿಂದ ರಾಗಿ ಹಿಟ್ಟು ತಂದೆ, ಅಲ್ಲಿ ಅದಕ್ಕೆ ಕುರಕ್ಕನ್ ಅಂತ ಹೆಸರು. ಮೊದಲ ಸಲ ಗಂಟು ಗಂಟಾಯಿತು. ಎರಡನೇ ಸಲದ್ದನ್ನು ರಾತ್ರಿ ಹೀಟರ್ ಪಕ್ಕ ಇಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಹಾಕಿ ಕೆಳಮನೆಯ ಅಜ್ಜಿಗೆ ಒಂದು ಲೋಟ ಕೊಟ್ಟು ಬಂದೆ. ಸಂಜೆ ಖಾಲಿ ಲೋಟ ವಾಪಸು ತಂದರು. ಎಲ್ಲ ಸರಿ ಇದೆ, ಆದರೆ ಬೊಜಾಕ್ಕೆ ಯಾರಾದರೂ ಈರುಳ್ಳಿ ಹಾಕುತ್ತಾರಾ ಅಂತ ಬೈದು, ಕೈಗೆ ಒಂದು ದಾಲ್ಚಿನ್ನಿ ಡಬ್ಬಿ ಕೊಟ್ಟು ಹೋದರು.