ಸತ್ಯಾಂಶ: ರೇಡಿಯೇಟರ್‌ಗೆ ಬರೀ ನೀರು ಸಾಕೇ?

"ಕೂಲಂಟ್ ಬೇಕಿರುವುದು ಚಳಿ ದೇಶದವರಿಗೆ. ವಿಜಯಪುರದ ಬಿಸಿಲಿಗೆ ಬೋರ್ ನೀರೇ ಸಾಕು." ಫಾರ್ವರ್ಡ್ ಆಗಿ ಬಂದ ಈ ಮಾತು ತಪ್ಪು. ಕೂಲಂಟ್ ಎಂದರೆ ವಾಹನದ ಎಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ಹಾಕುವ ದ್ರವ.

ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿದರೆ ಸುಮಾರು 107ರವರೆಗೆ ತಡೆಯುತ್ತದೆ. ರೇಡಿಯೇಟರ್‌ನ ಬಿಗಿ ಮುಚ್ಚಳ ಹಿಡಿದಿಡುವ ಒತ್ತಡ ಅದನ್ನು ಇನ್ನೂ ಏರಿಸುತ್ತದೆ. ಬಿಸಿಲಿಗೇ ಇದು ಜಾಸ್ತಿ ಬೇಕು, ಅಲ್ವಾ?

ಕೂಲಂಟ್ ತುಕ್ಕನ್ನೂ ತಡೆಯುತ್ತದೆ. ನಮ್ಮ ಹಳೇ ಪಿಕಪ್‌ನ ಹೋಸ್ ಅಂಗಳದಲ್ಲಿ ಬಿಚ್ಚಿದಾಗ ಕೆಂಪು ರಾಡಿ ಸುರಿಯಿತು. ರೇಡಿಯೇಟರ್ ಬಾಯಲ್ಲಿ ಬಿಳಿ ಪದರು, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುತ್ತದಲ್ಲ, ಅದೇ. ಗಡಸು ನೀರಿನ ಸುಣ್ಣ. ಸಣ್ಣ ಕೊಳವೆಗಳು ಹೀಗೆ ಕಟ್ಟಿಕೊಂಡರೆ ಎಂಜಿನ್ ಕಾಯದೆ ಇರುತ್ತದೆಯೇ?

ದಾರಿಯಲ್ಲಿ ಸೋರಿದರೆ, ಎಂಜಿನ್ ತಣ್ಣಗಾದ ಮೇಲೆ ನೀರು ಹಾಕಿ ಮನೆ ಸೇರಿ, ತಪ್ಪಿಲ್ಲ. ಆಮೇಲೆ ತೊಳೆದು ಕೂಲಂಟ್ ತುಂಬಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ.