ಹೋಟೆಲ್ ರೂಮು, ಇಬ್ಬರು ಗಂಡಸರು, ಬರಬೇಕಾದ ರೈಲು

ಹಳೆಯ ವೆಸ್ಟರ್ನ್ ಸಿನಿಮಾಗಳು, ಅಂದರೆ ಅಮೆರಿಕದ ಕೌಬಾಯ್ ಸಿನಿಮಾಗಳು, ಬೋರು, ಈಗಿನವೇ ವಾಸಿ ಅನ್ನುವವರಿಗೆ ನಾನು ‘3:10 ಟು ಯೂಮಾ’ ಎರಡನ್ನೂ ನೋಡಿ ಅನ್ನುತ್ತೇನೆ. ಡೆಲ್ಮರ್ ಡೇವ್ಸ್ 1957ರಲ್ಲಿ ಮಾಡಿದ್ದು ಕಪ್ಪು ಬಿಳುಪಿನದು. ಜೇಮ್ಸ್ ಮ್ಯಾಂಗೋಲ್ಡ್ ಮಾಡಿದ್ದು 2007ರಲ್ಲಿ. ಕಥೆ ಒಂದೇ. ಅರಿಜೋನಾದಲ್ಲಿ ಮಳೆ ಇಲ್ಲ. ಕೈ ಬರಿದಾದ ರೈತ ಡ್ಯಾನ್ ಇವಾನ್ಸ್ 200 ಡಾಲರ್ ಆಸೆಗೆ ದರೋಡೆಕೋರ ಬೆನ್ ವೇಡ್‌ನನ್ನು ಯೂಮಾ ಊರಿನ ಜೈಲಿಗೆ ಒಯ್ಯುವ 3:10ರ ರೈಲು ಹತ್ತಿಸಲು ಒಪ್ಪಿಕೊಳ್ಳುತ್ತಾನೆ.

ಹಳೆಯದರ ಜೀವ ಇರುವುದು ಇಬ್ಬರೂ ರೈಲಿಗೆ ಕಾಯುವ ಹೋಟೆಲಿನ ಒಂದು ರೂಮಿನಲ್ಲಿ. ವೇಡ್ ಆಗಿರುವ ಗ್ಲೆನ್ ಫೋರ್ಡ್ ಮಂಚದ ಮೇಲೆ ಆರಾಮಾಗಿ ಒರಗಿದ್ದಾನೆ. ಎದುರಿಗೆ ಬಂದೂಕು ಹಿಡಿದು ಕೂತ, ಇವಾನ್ಸ್ ಆಗಿರುವ ವ್ಯಾನ್ ಹೆಫ್ಲಿನ್ ಬೆವರುತ್ತಿದ್ದಾನೆ. ಹೆದರಬೇಕಾದವನು ಯಾರು, ಹೆದರುತ್ತಿರುವವನು ಯಾರು ನೋಡಿ! ವೇಡ್ ಕೂಗಾಡುವುದಿಲ್ಲ. ಮನೆಗೆ ಬಂದ ನೆಂಟನ ಹಾಗೆ ಮೆತ್ತಗೆ ಹೆಂಡತಿ ಮಕ್ಕಳ ಮಾತು ತೆಗೆಯುತ್ತಾನೆ, ದುಡ್ಡಿನ ಆಸೆ ತೋರಿಸುತ್ತಾನೆ. ಇವಾನ್ಸ್‌ನ ಮನಸ್ಸು ಆಡುವುದು ಮುಖದಲ್ಲೇ ಕಾಣುತ್ತದೆ. ಬಯಲುಸೀಮೆಯಲ್ಲಿ ಬೆಳೆದ ನನಗೆ ಆ ಮುಖ ಚೆನ್ನಾಗಿ ಗೊತ್ತು. ಬೋರ್‌ವೆಲ್ ಬತ್ತಿದ ವರ್ಷ ನಮ್ಮೂರಲ್ಲಿ ಎಷ್ಟೋ ಜನ ಹಾಗೇ ಕೂತಿರುತ್ತಿದ್ದರು.

ಹೊಸದರಲ್ಲಿ ಇವಾನ್ಸ್ ಆದ ಕ್ರಿಶ್ಚಿಯನ್ ಬೇಲ್, ವೇಡ್ ಆದ ರಸೆಲ್ ಕ್ರೋ ಇಬ್ಬರದೂ ಒಳ್ಳೆ ನಟನೆ, ಎರಡು ಮಾತಿಲ್ಲ. ಆದರೆ ಸಿನಿಮಾ ಅರ್ಧ ಗಂಟೆ ಜಾಸ್ತಿ. ದಾರಿಯಲ್ಲಿ ಅಪಾಚಿ ಎಂಬ ಮೂಲನಿವಾಸಿಗಳ ದಾಳಿ, ಸುರಂಗದ ಹತ್ತಿರ ಗಲಾಟೆ, ಕೊನೆಗೆ ಊರೆಲ್ಲ ಗುಂಡಿನ ಸುರಿಮಳೆ. ಇವಾನ್ಸ್ ಯುದ್ಧದಲ್ಲಿ ಕಾಲು ಹೇಗೆ ಕಳೆದುಕೊಂಡ, ಮಗನ ಮುಂದೆ ಯಾಕೆ ತಲೆ ತಗ್ಗಿಸಿದ, ಎಲ್ಲವನ್ನೂ ಅವನ ಬಾಯಲ್ಲೇ ಹೇಳಿಸುತ್ತಾರೆ. ಹೆಫ್ಲಿನ್ ಸುಮ್ನೆ ಕೂತೇ ಒಬ್ಬ ಮನುಷ್ಯನ ಸೋಲು ತೋರಿಸಿದ್ದ, ಅಲ್ವಾ?

ಹೊಸವೆಲ್ಲ ಹೀಗೇ ಅಂತಲ್ಲ. ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಅವರ ವೆಸ್ಟರ್ನ್ ‘ಅನ್‌ಫರ್ಗಿವನ್’ 1992ರದು. ಅದರಲ್ಲಿ ಮೊದಲ ಸಲ ಕೊಲೆ ಮಾಡಿದ ಹುಡುಗ ಮರದ ಕೆಳಗೆ ಅಳುತ್ತಾನೆ. ಒಂದು ಜೀವ ತೆಗೆಯುವುದು ಎಂಥ ಭಾರ ಅಂತ ಹಳಬರು ಇಷ್ಟು ಬಿಚ್ಚಿ ಹೇಳಿದ್ದು ಕಡಿಮೆ. ಆ ದೃಶ್ಯ ಎದೆಗೆ ನಾಟುವುದೂ ಈಸ್ಟ್‌ವುಡ್ ಅವಸರ ಮಾಡದೆ ಹುಡುಗನಿಗೆ ಅಳಲು ಬಿಟ್ಟಿದ್ದರಿಂದಲೇ.

ಇನ್ನು ಯೂಮಾದ ಕೊನೆ. 2007ರಲ್ಲಿ ಇವಾನ್ಸ್ ಗುಂಡೇಟಿಗೆ ಸಾಯುತ್ತಾನೆ. ಯಾರಾದರೂ ಸತ್ತರೇ ಕಥೆಗೆ ತೂಕ ಅಂತ ಈಗಿನವರು ಯಾಕೆ ಅಂದುಕೊಂಡರೋ! 1957ರಲ್ಲಿ ಇಬ್ಬರೂ ಹೊರಟ ರೈಲಿಗೆ ಹಾರುತ್ತಾರೆ. ಗುಡುಗು ಕೇಳಿಸುತ್ತದೆ. ಹಳಿ ಪಕ್ಕ ಗಾಡಿಯಲ್ಲಿ ಕಾಯುತ್ತಿದ್ದ ಹೆಂಡತಿ ಮಳೆಯಲ್ಲಿ ನೆನೆಯುತ್ತಾ ಗಂಡನಿಗೆ ಕೈ ಬೀಸುತ್ತಾಳೆ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.