ಗಾಲ್ಫ್ ಸ್ಟಿಕ್ ಕಟ್ಟಿಕೊಂಡು ಯುದ್ಧಕ್ಕೆ ಹೊರಟ ಹುಡುಗ

ನನ್ನ ಮಗನಿಗೆ ಈಗ 21 ವರ್ಷ. ಮೊನ್ನೆ ಹಾಸ್ಟೆಲ್‌ಗೆ ಹೊರಟವನು ಚಾರ್ಜರ್ ಮರೆತು ಅರ್ಧ ದಾರಿಯಿಂದ ವಾಪಸ್ ಬಂದ. ಮತ್ತೆ ಬ್ಯಾಗ್ ಹೆಗಲಿಗೇರಿಸಿ ಹೋಗುವುದನ್ನು ನೋಡುತ್ತಾ ನಿಂತಾಗ ಅರುಣ್ ಖೇತರ್‌ಪಾಲ್ ನೆನಪಾದ. 1971ರ ಭಾರತ-ಪಾಕ್ ಯುದ್ಧದಲ್ಲಿ, ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಪ್ರಾಣ ಬಿಟ್ಟಾಗ ಅವನಿಗೂ ಇಷ್ಟೇ ವಯಸ್ಸು. ಪರಮವೀರ ಚಕ್ರ ಪಡೆದವರನ್ನು ಏಕವಚನದಲ್ಲಿ ಕರೆಯಬಾರದು, ಗೊತ್ತು. ಆದರೆ ಮಗನ ವಯಸ್ಸಿನವನಿಗೆ ಬಹುವಚನ ಬಾಯಿಗೆ ಬರುತ್ತಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಪೂನಾ ಹಾರ್ಸ್ ಅನ್ನುವ ಟ್ಯಾಂಕ್ ರೆಜಿಮೆಂಟ್ ಸೇರಿದ್ದ. ಆರು ತಿಂಗಳ ಸರ್ವಿಸ್, ಅಷ್ಟೇ. ಅಹಮದ್‌ನಗರದಲ್ಲಿ ಟ್ರೇನಿಂಗ್ ನಡೆಯುತ್ತಿರುವಾಗಲೇ ಕರೆ ಬಂತು. ಹೋಗುವ ದಾರಿಯಲ್ಲಿ ದೆಹಲಿಯ ಮನೆಗೆ ಬಂದ. ಸಾಮಾನಿನ ಜೊತೆ ಗಾಲ್ಫ್ ಸ್ಟಿಕ್, ಪಾರ್ಟಿಗೆ ಹಾಕುವ ನೀಲಿ ಯೂನಿಫಾರ್ಮ್. ಇದೆಲ್ಲ ಯಾಕೆ ಅಂದರೆ, ಲಾಹೋರ್‌ನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಪಾರ್ಟಿ ಇರುತ್ತಲ್ಲ ಅಂದನಂತೆ. ಆ ನೀಲಿ ಬಟ್ಟೆಯನ್ನು ಮಡಚಿಟ್ಟುಕೊಂಡ ಹುಡುಗನೇ ನನ್ನ ಮನಸ್ಸಿನಲ್ಲಿ ಉಳಿದಿರುವುದು.

ಶಕರ್‌ಗಢ ಸೆಕ್ಟರ್‌ನಲ್ಲಿ ಅವನ ಟ್ಯಾಂಕಿಗೆ ಏಟು ಬಿದ್ದು ಬೆಂಕಿ ಹತ್ತಿತು. ಬಿಟ್ಟು ಬಾ ಅಂತ ರೇಡಿಯೊದಲ್ಲಿ ಆದೇಶ ಬಂತು. ಇಲ್ಲ ಸರ್, ನನ್ನ ಗನ್ ಇನ್ನೂ ಕೆಲಸ ಮಾಡುತ್ತಿದೆ ಅಂದ. ಅಲ್ಲೇ ಉಳಿದ. ಮಾರನೇ ದಿನ ರಾತ್ರಿ ಕದನವಿರಾಮ. ಒಂದೇ ಒಂದು ದಿನ!

ಅವನ ಅಪ್ಪ ಬ್ರಿಗೇಡಿಯರ್ ಎಂ. ಎಲ್. ಖೇತರ್‌ಪಾಲ್ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸರ್ಗೋಧಾದಲ್ಲಿ. 2001ರಲ್ಲಿ, 81ನೇ ವಯಸ್ಸಿನಲ್ಲಿ, ಹುಟ್ಟಿದ ಊರು ನೋಡಲು ಹೋದರು. ಲಾಹೋರ್‌ನಲ್ಲಿ ಪಾಕಿಸ್ತಾನ ಸೇನೆಯ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್ ತಮ್ಮ ಮನೆಯಲ್ಲಿ ಉಳಿಸಿಕೊಂಡು ಚೆನ್ನಾಗಿ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಆತ ಹೇಳಿದ್ದು: ನಿಮ್ಮ ಮಗ ಸತ್ತಿದ್ದು ನನ್ನ ಕೈಯಿಂದ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಅವರ ಮನೆಯಲ್ಲೇ ಊಟ ಮಾಡಿ ಎದ್ದಿದ್ದೇನೆ ಅನ್ನುವುದೇ ಎದೆಗೆ ಚುಚ್ಚುತ್ತಿತ್ತೇನೋ. ಆ ತಂದೆ ಸಿಟ್ಟು ಮಾಡಲಿಲ್ಲ. ಇಬ್ಬರೂ ಸೈನಿಕರು, ಅವರವರ ಡ್ಯೂಟಿ ಏನೆಂದು ಇಬ್ಬರಿಗೂ ಗೊತ್ತಿತ್ತು.

ವಿಜಯ ದಿವಸದಂದು ಅರುಣನ ಫೋಟೊ ಜೊತೆ ಬರುವ, ಪಾಕಿಸ್ತಾನದವರನ್ನು ಬೈಯುವ ಮೆಸೇಜ್‌ಗಳನ್ನು ನಾನು ಯಾರಿಗೂ ಕಳಿಸುವುದಿಲ್ಲ. ದಯವಿಟ್ಟು ನೀವೂ ಕಳಿಸಬೇಡಿ. ಮಗನನ್ನು ಕಳೆದುಕೊಂಡ ಆ ಹಿರಿಯರೇ ಬೈಯಲಿಲ್ಲ, ಸುಮ್ನೆ ಮನೆಯಲ್ಲಿ ಕೂತ ನಾವು ಯಾಕೆ ಬೈಯಬೇಕು? ಅವನನ್ನು ನೆನೆಯಲು ಅವನ ಧೈರ್ಯ ಸಾಕು, ಅಲ್ವಾ?

ಆಮೇಲೆ ನಾಸಿರ್ ಅವರು ಖೇತರ್‌ಪಾಲರಿಗೆ ಒಂದು ಫೋಟೊ ಕಳಿಸಿದರು. ತಮ್ಮ ದಾಳಿಯ ಗೆಲುವಿಗೂ ಸೋಲಿಗೂ ನಡುವೆ ಬಂಡೆಯಂತೆ ನಿಂತವನು ಅರುಣ್ ಅಂತ ಅದರ ಮೇಲೆ ಬರೆದಿದ್ದರು. ಕಾಳಗದ ಹೆಸರನ್ನೂ ಎರಡು ಥರ ಬರೆದಿದ್ದರು: ಅವರ ಕಡೆಯವರು ಕರೆಯುವುದು ಬಾರಾ ಪಿಂಡ್, ಪೂನಾ ಹಾರ್ಸ್‌ನವರು ನೆನೆಯುವುದು ಬಸಂತರ್.